ಗೋಣಿಚೀಲ ಹೊದ್ದ ಆಂಪ್ಲಿಫೈಯರ್

ಗಬ್ಬೂರಿನ ಮೌನಪ್ಪನು ರಾಯಚೂರಿನ ಟಾಕೀಸೊಂದರಲ್ಲಿ ಆಂಪ್ಲಿಫೈಯರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದು ೧೯೩೯ನೆಯ ಇಸವಿಯ ಜೂನ್ ೫ರಂದು, ಸೋಮವಾರ. ಚಿತ್ರದ ಧ್ವನಿಯನ್ನು ಹಿಗ್ಗಿಸಿ ಪರದೆಯ ಹಿಂದಿನ ಸ್ಪೀಕರಿಗೆ ಕಳುಹಿಸುವ ಆ ಯಂತ್ರ ಆಗಲೇ ಹಳೆಯದು. ಯುದ್ಧ ಬಂದಮೇಲೆ ಅದರ ಗಾಜಿನ ವಾಲ್ವುಗಳು ಸಿಕ್ಕದಾದವು. ಇದ್ದ ಜೋಡಿಯನ್ನು ಮೌನಪ್ಪ ಕಣ್ಣಿನಂತೆ ಕಾಯುತ್ತಿದ್ದ.

ನಾನು ಹೇಳಹೊರಟಿರುವ ಘಟನೆ ೧೯೪೬ರ ಮೇ ೧೯ರದು. ಮೇ ೧೨ ಎನ್ನುವವರಿದ್ದಾರೆ; ಅದು ಹಿಂದಿನ ಭಾನುವಾರ. ಅಂದು ಮಧ್ಯಾಹ್ನದ ಆಟದಲ್ಲಿ ಧ್ವನಿ ನಿಂತು, ಮಾನ್ವಿ ಕಡೆಯಿಂದ ಬಸ್ಸಿನಲ್ಲಿ ಬಂದಿದ್ದ ಜನ ಕುರ್ಚಿಗಳನ್ನು ಮುರಿದಿದ್ದರು. ಮಾಲೀಕ ಖಾಜಾ ಸಾಹೇಬರು ಅಂದೇ ಮಾತು ಮುಗಿಸಿದ್ದರು: “ಇನ್ನೊಮ್ಮಿ ಆವಾಜ್ ನಿಂತ್ರ ಕ್ಯಾಬಿನ್ ಕೀಲಿ ಕೊಟ್ಟು ಹೋಗಿಬಿಡು, ಮೌನಪ್ಪ.”

ತಗಡಿನ ಚಾವಣಿಯ ಕೆಳಗೆ ಯಂತ್ರ ಕಾದು ಬಿಸಿಯಾಗುವುದೇ ರೋಗವೆಂದು ತಿಳಿದ ಮೌನಪ್ಪ, ತಾಯಿ ದುರುಗಮ್ಮ ನೀರಿನ ಕೊಡಕ್ಕೆ ಸುತ್ತುತ್ತಿದ್ದಂತೆ, ಅದರ ಕಬ್ಬಿಣದ ಪೆಟ್ಟಿಗೆಗೆ ಒದ್ದೆ ಗೋಣಿಚೀಲ ಹೊದಿಸಿದ. ವಾರವೆಲ್ಲ ಸಂಜೆಯ ಆಟಗಳು ಸರಾಗವಾಗಿ ನಡೆದವು. ಸಾಹೇಬರು ಮೆಚ್ಚಿ ಇನ್ನೊಂದು ಚೀಲ ತರಿಸಿಕೊಟ್ಟರು.

ಭಾನುವಾರ, ಉರಿಬಿಸಿಲು. ಆಟ ಅರ್ಧಕ್ಕೆ ಬಂದಾಗ ಧ್ವನಿ ಗೊಗ್ಗರಿಸತೊಡಗಿತು. ಮೇಣ ಕರಗಿದ ವಾಸನೆ. ಮೌನಪ್ಪ ಚೀಲದ ಅಂಚನ್ನೆತ್ತಿ ಇಣುಕಿದ. ಒಂದು ವಾಲ್ವಿನೊಳಗಿನ ತಗಡು ಕೆಂಡದಂತೆ ಕೆಂಪಾಗಿತ್ತು. ಪೆಟ್ಟಿಗೆಯ ಗಾಳಿರಂಧ್ರಗಳ ಮೇಲೆಲ್ಲ ಗೋಣಿ ಅಂಟಿಕೊಂಡಿತ್ತು. ಕೊಡದ ಬಿಸಿ ಹೊರಗಿನದು. ಈ ಯಂತ್ರದ ಬಿಸಿ ಒಳಗೇ ಹುಟ್ಟುವುದು. ಹೊರಹೋಗುವ ದಾರಿಯನ್ನು ಅವನೇ ಮುಚ್ಚಿದ್ದ.

ಬಾಗಿಲ ಕಾವಲಿನ ಬೂದೆಪ್ಪ ಮೆಟ್ಟಿಲೇರಿ ಬಂದ. “ಮೌನಪ್ಪಣ್ಣ, ಕೆಳಗ ಸೀಟಿ ಹೊಡಿಯಾಕತ್ತಾರ. ಹೋದ ವಾರ ಕುರ್ಚಿ ಕಾಲು ಮುರದ್ರು. ಈ ವಾರ ನಮ್ಮವು ಅದಾವ ನೋಡು.”

ನಡೆಸಿದರೆ ವಾಲ್ವು ಸುಡುವುದು, ಬೇರೊಂದಿಲ್ಲ. ನಿಲ್ಲಿಸಿದರೆ ಕೆಲಸ ಹೋಗುವುದು. ತೆರೆಯ ಮೇಲೆ ನಾಯಕಿ ಅಳುತ್ತಿದ್ದಳು. ಮೌನಪ್ಪ ಸ್ವಿಚ್ಚು ಆರಿಸಿದ.

ಕೆಳಗೆ ಕೂಗೆದ್ದಿತು. “ಅಕಿ ಬಾಯಾಗ ಬೆಲ್ಲ ಇಟ್ಟೀರೇನ್ರೀ?” ಎಂದು ಯಾರೋ ಕೇಳಿದರು, ನಗುವಿನ ಹಿಂದೆಯೇ ಕುರ್ಚಿಯೊಂದು ಉರುಳಿತು. ಖಾಜಾ ಸಾಹೇಬರು ಏದುಸಿರು ಬಿಡುತ್ತ ಕ್ಯಾಬಿನ್ನಿಗೆ ಬಂದಾಗ ಮೌನಪ್ಪ ಗೋಣಿ ಕಿತ್ತೆಸೆದು, ಪೆಟ್ಟಿಗೆಯನ್ನು ಇಟ್ಟಿಗೆಗಳ ಮೇಲೇರಿಸಿ, ಹಿಂದಿನ ತಗಡನ್ನು ಬಿಚ್ಚುತ್ತಿದ್ದ. ಅವನು ಸೊಂಟದ ಕೀಲಿಯನ್ನು ತೆಗೆದು ಮೇಜಿನ ಮೇಲಿಟ್ಟ.

“ತಾನಾಗಿ ನಿಂತಿಲ್ರೀ ಸಾಹೇಬ್ರ, ನಾನ ನಿಲ್ಲಿಸೀನಿ. ಗ್ವಾಣಿಚೀಲದ ತಪ್ಪು ನಂದ. ಸ್ವಲ್ಪ ಆರಲಿ, ಆಟ ಮುಗಿಸಿಕೊಟ್ಟು ಹೋಗ್ತೀನಿ.”

ಸಾಹೇಬರು ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ಸರ್ರನೆ ಹಿಂದೆಳೆದುಕೊಂಡರು. ಕೀಲಿಯನ್ನು ಶೇರವಾನಿಯ ಜೇಬಿಗಿಳಿಸಿ, ಜನರೆದುರು ನಿಲ್ಲಲು ತಾವೇ ಕೆಳಗಿಳಿದರು. ಅವರು ಏನು ಹೇಳಿದರೆಂಬುದರಲ್ಲಿ ಭಿನ್ನಾಭಿಪ್ರಾಯವಿದೆ; ಬೈಗುಳ ತಿಂದರೆಂಬುದರಲ್ಲಿ ಇಲ್ಲ. ಮೇಲೆ ಬೂದೆಪ್ಪ ಬೀಸಣಿಕೆಯಿಂದ ಯಂತ್ರಕ್ಕೆ ಗಾಳಿ ಹಾಕುತ್ತಿದ್ದ. ಮೌನಪ್ಪ ವಾಲ್ವಿನಿಂದ ಕಣ್ಣು ಕದಲಿಸದೆ ಕುಳಿತಿದ್ದ.

ಮತ್ತೆ ಸ್ವಿಚ್ಚು ಹಾಕಿದಾಗ ವಾಲ್ವಿನ ತಗಡು ಕೆಂಪಾಗಲಿಲ್ಲ. ನಾಯಕಿಯ ಅಳು ಕೇಳಿಸಿತು, ಕೂಗು ನಿಂತಿತು. ಕೊನೆಯವರೆಗೂ ಮೌನಪ್ಪನ ಕೈ ಸ್ವಿಚ್ಚಿನ ಮೇಲೆಯೇ ಇತ್ತು.

ಆಟ ಬಿಟ್ಟಮೇಲೆ ಅವನು ಮೆಟ್ಟಿಲಿಳಿದು, ಬಾಗಿಲಲ್ಲಿ ನಿಂತಿದ್ದ ಸಾಹೇಬರಿಗೆ ಕೈ ಮುಗಿದ.

“ಕೀಲಿ ತಗೊಂಡೀನಿ. ನಾ ಅಂದ ಮಾತು ನಡೀತು,” ಎಂದರು ಅವರು. “ಸಂಜಿ ಆಟಕ್ಕ ಕ್ಯಾಬಿನ್ ತೆರಿಯಾಕ ಯಾರನ್ನ ಕರೀಲಿ?”

ಸಾಹೇಬರು ಕೀಲಿಯನ್ನು ಮುಂದೆ ಹಿಡಿದರು.

ಮರುದಿನ, ಮೇ ೨೦ರಂದು, ಅವನು ಮೇಣ ಸೋರಿದ್ದ ಕಂಡೆನ್ಸರನ್ನು ಕಿತ್ತು, ಕೆಟ್ಟ ರೇಡಿಯೊ ಒಂದರದನ್ನು ಬೆಸೆದ. ಇಟ್ಟಿಗೆಗಳನ್ನು ಮಾತ್ರ ತೆಗೆಯಲಿಲ್ಲ. ಎರಡರಲ್ಲಿ ಒಳ್ಳೆಯ ಗೋಣಿಚೀಲವನ್ನು ದುರುಗಮ್ಮ ಕೊಡಕ್ಕೆ ಸುತ್ತಲು ಒಯ್ದಳು.