ಝನ್ಸ್ಕಾರ್ ನದಿಗೆ ಹೊರಟವನ ಶಿವದಾರ

ಮಾಸಪತ್ರಿಕೆಯ ಸಂಪಾದಕರಿಗೂ ಸಮಸ್ತ ಸದ್ಭಕ್ತರಿಗೂ ಶರಣು ಶರಣಾರ್ಥಿ.

ವಿಷಯ: ಪ್ರಾರ್ಥನೆ ಫಲಿಸಿದ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಬಾಗಲಕೋಟೆಯವನೂ ಪ್ರಸ್ತುತ ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗೆ ಇರುವವನೂ ಆದ ನಾನು ತಮ್ಮ ಗಮನಕ್ಕೆ ತರುವುದೇನೆಂದರೆ, ಲಡಾಖಿನ ಶೀತ ಮರುಭೂಮಿಯಲ್ಲಿ ಭೋರ್ಗರೆದು ಹರಿಯುವ ಝನ್ಸ್ಕಾರ್ ನದಿಯಲ್ಲಿ ಕಯಾಕ್ ದೋಣಿ ನಡೆಸಲು ನಾವು ಐವರು ಒಂದು ವರ್ಷದಿಂದ ಸಿದ್ಧತೆ ನಡೆಸಿದ್ದೆವು. ಕಮರಿಯೊಳಗೆ ಇಳಿದ ಮೇಲೆ ಹೊರದಾರಿಯಿಲ್ಲ. ಆದಕಾರಣ ನಮ್ಮ ತರಬೇತುದಾರರಾದ ರಂಜಿನಿ ಮೇಡಂ ಕೊಟ್ಟ ಪಟ್ಟಿಯ ಮೊದಲ ನಿಯಮ: ದೋಣಿಗೆ ಸಿಕ್ಕಿಕೊಳ್ಳಬಹುದಾದ ಯಾವ ದಾರವೂ ಕೊರಳಲ್ಲಿ ಇರತಕ್ಕದ್ದಲ್ಲ.

ನನ್ನ ಕೊರಳಲ್ಲಿ ಶಿವದಾರಕ್ಕೆ ಕಟ್ಟಿದ ಇಷ್ಟಲಿಂಗವಿತ್ತು. ದೀಕ್ಷೆಯಾದಂದಿನಿಂದ ಅದನ್ನು ಮೈಯಿಂದ ಬೇರೆ ಮಾಡಿರಲಿಲ್ಲ. ಹೇಳಿದರೆ ತಂಡದಿಂದ ಕೈಬಿಟ್ಟಾರು; ತೆಗೆದಿಟ್ಟು ಹೋಗಲು ಮನಸ್ಸು ಒಪ್ಪದು. ಈ ಚಡಪಡಿಕೆಯಲ್ಲಿ ಬನಶಂಕರಿಯಲ್ಲಿ ಇಳಿಯಬೇಕಾದವನು ಬಸ್ಸಿನಲ್ಲಿ ಎರಡು ನಿಲ್ದಾಣ ಮುಂದೆ ಹೋಗಿ ನಡೆದು ಬರುತ್ತಿದ್ದೆ. ಪೂಜೆಗೆ ಕುಳಿತವನು ನಡುವೆ ಎದ್ದು ಸಾಮಾನಿನ ಚೀಲ ತಡಕುತ್ತಿದ್ದೆ. ಕೊನೆಗೆ, "ತಂದೆ, ಯಾರ ಕಣ್ಣಿಗೂ ಬೀಳದಂತೆ ನನ್ನ ಜೊತೆ ಬಾ" ಎಂದು ಬೇಡಿ, ಲಿಂಗವಿರುವ ಬೆಳ್ಳಿಯ ಕರಡಿಗೆಯನ್ನು ಜೀವರಕ್ಷಕ ಜಾಕೆಟ್ಟಿನೊಳಗೆ ಮುಚ್ಚಿಕೊಂಡೆ.

ಕಳೆದ ಆಷಾಢದ ಒಂದು ಭಾನುವಾರ ಬೆಳಿಗ್ಗೆ, ಜೆ.ಪಿ. ನಗರದ ಈಜುಕೊಳದಲ್ಲಿ, ಮಗುಚಿದ ದೋಣಿಯಿಂದ ಹೊರಬರುವ ಅಭ್ಯಾಸವಿತ್ತು. ನನ್ನ ದೋಣಿ ಮಗುಚಿದೊಡನೆ ಕರಡಿಗೆ ಹೊರಜಾರಿ ಸೀಟಿನ ಸಂದಿಗೆ ಸಿಕ್ಕಿಕೊಂಡಿತು. ನೀರಿನೊಳಗೆ ತಲೆಕೆಳಗಾಗಿದ್ದ ನನ್ನ ಕೊರಳನ್ನು ದಾರ ಬಿಗಿಯಿತು. ಶಿವನನ್ನು ಕರೆಯಲು ಬಾಯಿ ತೆರೆಯುವಂತಿರಲಿಲ್ಲ. ಎಷ್ಟು ಎಳೆದರೂ ಬಾರದಿದ್ದ ಗಂಟು ಆಗ ತಾನಾಗಿ ಸಡಿಲಿತು. ಮೇಲೆ ಬಂದೆನು, ಕರಡಿಗೆಯನ್ನು ದೋಣಿಯಿಂದ ಬಿಡಿಸಿ ಎದೆಗೆ ಒತ್ತಿಕೊಂಡೆನು.

"ಏನ್ರೀ ಇದು? ಸಾಯಕ್ಕೆ ಲಡಾಖ್ ತನಕ ಯಾಕೆ, ಇಲ್ಲೇ ಮುಗಿಸ್ತಿದ್ರಲ್ಲ!" ಎಂದು ಮೇಡಂ ರೇಗಿದರು.

"ಲಿಂಗ ಐತ್ರೀ ಮೇಡಂ. ಮೈಮ್ಯಾಲಿಂದ ತಗಿಯಂಗಿಲ್ರೀ."

"ಒಂದ್ ಮಾತು ಕೇಳ್ಬಾರ್ದಿತ್ತಾ? ನಾನ್ ಬೇಡ ಅಂದಿದ್ದು ಕತ್ತಲ್ಲಿರೋ ದಾರ. ದೇವ್ರನ್ನಲ್ಲ."

ಒದ್ದೆ ತಲೆಯಲ್ಲೇ ಚಿಕ್ಕಲಸಂದ್ರದ ಮಠಕ್ಕೆ ಹೋಗಿ ನಮ್ಮ ಹಿರಿಯ ಸ್ವಾಮಿಗಳಾದ ಅಜ್ಜನವರ ಮುಂದೆ ತಪ್ಪೊಪ್ಪಿಕೊಂಡೆ. ಅವರು ನಕ್ಕು, "ಹುಚ್ಚ ಅದಿಯೇನೋ ತಮ್ಮಾ? ಮೈಮ್ಯಾಲ ಇದ್ರ ಸಾಕು. ತೋಳಿಗೆ ಕಟ್ಕೋ" ಎಂದು ತಾವೇ ವಸ್ತ್ರದಲ್ಲಿ ಸುತ್ತಿ ಕಟ್ಟಿಕೊಟ್ಟರು. ಮುಂದಿನ ಭಾನುವಾರ ಮೇಡಂ ಆ ಕಟ್ಟನ್ನು ಎಳೆದೆಳೆದು ಪರೀಕ್ಷಿಸಿ, ನನ್ನನ್ನು ಹತ್ತು ಸಲ ಮಗುಚಿ ಹಾಕಿ, ತಂಡದಲ್ಲಿ ಉಳಿಸಿಕೊಂಡರು.

ಬಚ್ಚಿಡೆಂದು ಬೇಡಿದವನನ್ನು ಶಿವನು ಬಯಲಿಗೆಳೆದು ಕಾಪಾಡಿದನೆಂದು ದೃಢವಾಗಿ ನಂಬಿದ್ದೇನೆ. ಆತನಿಗೆ ಅನಂತ ವಂದನೆಗಳು. ಇದು ನನ್ನ ಮೊದಲ ಬರಹವಾದ್ದರಿಂದ ದೋಷಗಳನ್ನು ಮನ್ನಿಸಬೇಕಾಗಿ ವಿನಂತಿ.

ನಾಳೆ ಹೊರಡುತ್ತೇವೆ. ನದಿಯಲ್ಲಿ ನೀರು ಏರಿದೆಯಂತೆ, ಅಂಜಿಕೆ ಹೋಗಿಲ್ಲ. ಇಂದು ಬೆಳಿಗ್ಗೆ ಅದನ್ನು ಪೂಜೆಯಲ್ಲಿ ಆತನಿಗೂ ಹೇಳಿದೆ, ಫೋನಿನಲ್ಲಿ ಮೇಡಂಗೂ ಹೇಳಿದೆ.

ಇಂತಿ,
ತಮ್ಮೊಳಗಿನ ಒಬ್ಬ ಭಕ್ತ