ಕ್ಯಾಪ್ಟನ್ ಕಂಡ ಬೆಳಕು

ಆಕಾಶದಲ್ಲಿ ಗುರುತು ಸಿಗದ ವಸ್ತುಗಳನ್ನು ಕಂಡ ನಿವೃತ್ತ ಪೈಲಟ್‌ಗಳ ಅನುಭವ ದಾಖಲಿಸುವುದು ನನ್ನ ಕೆಲಸ. ಒಬ್ಬರು ಹೇಳಿದ್ದನ್ನು ನಾವು ಇನ್ನೊಬ್ಬರಿಗೆ ಹೇಳಬಾರದು ಎಂಬುದು ನಿಯಮ.

ಕುಕ್ ಟೌನಿನ ಕ್ಯಾಪ್ಟನ್ ಒಬ್ಬರು, ತಮ್ಮ ವಿಮಾನದ ಪಕ್ಕದಲ್ಲೇ ಹಾರಿದ ಬೆಳಕಿನ ಬಗ್ಗೆ ಹೇಳಿ ಮುಗಿಸಿ, "ನನ್ನ ಕೋಪೈಲಟ್ ಏನಂದ?" ಎಂದರು. ಆ ಕೋಪೈಲಟ್ ಅವರನ್ನು ಹಿಂದಿನ ವಾರವಷ್ಟೇ ಇಂದಿರಾನಗರದಲ್ಲಿ ಭೇಟಿಯಾಗಿದ್ದೆ.

"ಹೇಳೋ ಹಾಗಿಲ್ಲ ಸರ್. ನೀವೇ ಯಾವತ್ತೂ ಕೇಳ್ಲಿಲ್ವಾ?"

"ಕಂಡೆ ಅಂದ್ರೆ ತಲೆ ಸರಿಯಿಲ್ಲ ಅಂತ ಮೇಲಿನವ್ರು ನಾವು ಹಾರೋದನ್ನೇ ನಿಲ್ಲಿಸ್ಬಿಡ್ತಿದ್ರು. ಅದಕ್ಕೆ ಯಾರೂ ಮೊದಲು ಬಾಯಿ ಬಿಡ್ತಿರಲಿಲ್ಲ. ಅವತ್ತಿಂದ ನನ್ನ ತಲೆ ಮೇಲೆ ನನಗೇ ಅನುಮಾನ ಕಣಮ್ಮ."

ನಾನು ಕೋಪೈಲಟ್‌ಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಕ್ಯಾಪ್ಟನ್ ಕೈಗೆ ಕೊಟ್ಟೆ. ನಿಯಮದಲ್ಲಿ ಫೋನಿನ ಬಗ್ಗೆ ಏನೂ ಇರಲಿಲ್ಲ.

"ಅವತ್ತು ಎಡಗಡೆ ಏನಾದ್ರೂ ನೋಡಿದ್ಯಾ?"

"ನೀವು ನೋಡಿದ್ರಾ ಸರ್?"

"ಮೊದಲು ನೀನು ಹೇಳು."

"ನೀವು ಸೀನಿಯರ್."

ಕ್ಯಾಪ್ಟನ್ ಕಣ್ಣು ಮುಚ್ಚಿಕೊಂಡರು. "ನೋಡ್ದೆ ಕಣಯ್ಯ."

"ಅಬ್ಬ, ನಾನೂ ನೋಡ್ದೆ ಸರ್. ಕಿತ್ತಳೆ ಬಣ್ಣ ಅಲ್ವಾ?"

"ಹಸಿರು ಕಣೋ. ನಿನ್ನ ಕಣ್ಣು ಆಗಲೂ ಸರಿಯಿರಲಿಲ್ಲ," ಎಂದು ಕ್ಯಾಪ್ಟನ್ ಕುರ್ಚಿಗೆ ಒರಗಿ ನಕ್ಕರು.

ಈಗ ಪ್ರತಿ ಭಾನುವಾರ ಇಬ್ಬರೂ ಸೇರಿ ಊಟ ಮಾಡುತ್ತಾ ಬಣ್ಣದ ಬಗ್ಗೆ ಜಗಳವಾಡುತ್ತಾರಂತೆ. ಆ ಬೆಳಕು ನಿಜಕ್ಕೂ ಏನು ಎಂದು ನನ್ನನ್ನು ಇಬ್ಬರೂ ಇನ್ನೂ ಕೇಳಿಲ್ಲ.