ಗಾಜಿನ ಮೇಲೆ ಮೂರು ಸುಣ್ಣದ ಗುರುತು

ಆ ಕಂಪ್ಯೂಟರಿನ ಪರದೆ ಹಸಿರಾಗಿತ್ತು ಎಂದು ಬರೆಯಹೊರಟು ಪೆನ್ನು ನಿಲ್ಲಿಸಿದೆ. ಹಸಿರೋ, ಜೇನಿನ ಬಣ್ಣವೋ? ಆಗಿನ ದಿನಚರಿ ತೆಗೆದು ನೋಡಿದರೆ ಆ ದಿನದ ಪುಟದಲ್ಲಿ ಇರುವುದು ಎರಡೇ ವಾಕ್ಯ: "ತಟ್ಟೆ ಸರಿಯಾಗಿ ಬಂತು. ಮಾವ ಎಲೆ ಹಾಕಿಕೊಳ್ಳಲಿಲ್ಲ." ಬಣ್ಣದ ಮಾತೇ ಇಲ್ಲ. ವರ್ಷ ಎಂಬತ್ತೇಳೋ ಎಂಬತ್ತೆಂಟೋ ಇರಬೇಕು. ದಸರೆ ಮುಗಿದು ಭತ್ತದ ಕೊಯ್ಲು ಶುರುವಾಗಿತ್ತು ಎಂಬುದು ಮಾತ್ರ ಖಚಿತ, ಏಕೆಂದರೆ ವರ್ಕ್‌ಶಾಪಿನ ಯಂತ್ರಗಳಿಗೆ ಆಯುಧ ಪೂಜೆಯಲ್ಲಿ ಹಾಕಿದ್ದ ಚೆಂಡುಹೂವಿನ ಸರ ಒಣಗಿ ಇನ್ನೂ ನೇತಾಡುತ್ತಿತ್ತು. ಉಳಿದ ಕೆಲವು ವಿವರಗಳನ್ನು ನಾನೇ ಆಮೇಲೆ ಸೇರಿಸಿಕೊಂಡಿರಬಹುದು. ಎಲ್ಲಿ ಅನುಮಾನ ಬರುತ್ತದೋ ಅಲ್ಲಿ ಹೇಳುತ್ತ ಹೋಗುತ್ತೇನೆ.

ನಾನು ಎಂಜಿನಿಯರಿಂಗ್ ಮುಗಿಸಿ ಬಳ್ಳಾರಿಯ ಒಂದು ವರ್ಕ್‌ಶಾಪಿಗೆ ಸೇರಿ ಎರಡು ವರ್ಷವಾಗಿತ್ತು. ಎರಡೂ ವರ್ಷ ನಕಾಶೆಯ ಮೇಜಿನ ಮುಂದೆ ಕೂತು ಬೇರೆಯವರು ಬರೆದ ಚಿತ್ರಗಳನ್ನು ತೆಳು ಕಾಗದದ ಮೇಲೆ ತಿದ್ದಿದ್ದೇ ಕೆಲಸ. ಹೆಣ್ಣುಮಗಳು ಯಂತ್ರದ ಹತ್ತಿರ ಬಂದರೆ ಸೆರಗು ಸಿಕ್ಕೀತು ಅನ್ನುತ್ತಿದ್ದರು. ನಾನು ಚೂಡಿದಾರ ಹಾಕಿಕೊಂಡು ಬರತೊಡಗಿದೆ. ಆಗ ಜಡೆ ಸಿಕ್ಕೀತು ಅಂದರು.

ಆ ವರ್ಷ ನಮ್ಮ ಧಣಿ ಒಂದು ಹೊಸ ಮಿಲ್ಲಿಂಗ್ ಯಂತ್ರ ತರಿಸಿದರು. ಕಂಪ್ಯೂಟರಿನಲ್ಲಿ ಸಾಲು ಸಾಲಾಗಿ ಬರೆದುಕೊಟ್ಟರೆ ಅದನ್ನು ಓದಿ ತಾನೇ ಕಬ್ಬಿಣ ಕೊರೆಯುವ ಯಂತ್ರ. ಕಲಿಸಲು ಬಂದವನು ಮೂರು ದಿನ ಇದ್ದು ಹೋದ. ಪುಸ್ತಕ ಇಂಗ್ಲಿಷಿನಲ್ಲಿತ್ತು, ಓದಿದವಳು ನಾನೊಬ್ಬಳೇ. ಕಂಪ್ಯೂಟರಿಗೆಂದು ಗಾಜಿನ ಒಂದು ಕೋಣೆ ಕಟ್ಟಿಸಿದರು. ಬಳ್ಳಾರಿಯ ಕೆಂಪು ಧೂಳು ಒಳಗೆ ಬರಬಾರದೆಂದು ಚಪ್ಪಲಿ ಹೊರಗೆ ಬಿಡಬೇಕಿತ್ತು. "ದೇವರ ಮನಿ" ಎಂದು ಆಳುಗಳು ಅದಕ್ಕೆ ಹೆಸರಿಟ್ಟರು. ಯಂತ್ರ ಮಾತ್ರ ಪ್ಲಾಸ್ಟಿಕ್ ಮುಸುಕಿನಲ್ಲೇ ಇತ್ತು. ಯಾರಿಗೂ ಧೈರ್ಯವಿರಲಿಲ್ಲ.

ಹಳೆಯ ಮಿಲ್ಲಿಂಗ್ ಯಂತ್ರಗಳ ಮೇಸ್ತ್ರಿ ನನ್ನ ಸೋದರಮಾವ. ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ. ನನ್ನನ್ನು ಅಲ್ಲಿ ಸೇರಿಸಿದವನೂ ಅವನೇ. ಆದರೆ ವರ್ಕ್‌ಶಾಪಿನಲ್ಲಿ ನನ್ನ ಪರವಾಗಿ ಒಂದು ಮಾತೂ ಆಡಿದವನಲ್ಲ, ಅದು ನನಗೆ ಒಳಗೊಳಗೇ ಚುಚ್ಚುತ್ತಿತ್ತು. ಸಾಮಾನನ್ನು ಮೇಜಿಗೆ ಅದುಮಿ ಹಿಡಿಯುವ ಕಬ್ಬಿಣದ ಪಟ್ಟಿಗೆ ಕ್ಲಾಂಪು ಅನ್ನುತ್ತೇವೆ. ಬೇರೆಯವರು ಎರಡು ಹಾಕುವಲ್ಲಿ ಮಾವ ಮೂರು ಹಾಕುತ್ತಿದ್ದ. ಕೇಳಿದರೆ, "ಎರಡು ಕೆಲಸಕ್ಕ, ಮೂರನೇದು ರಾತ್ರಿ ನಿದ್ದಿ ಬರಾಕ," ಅನ್ನುತ್ತಿದ್ದ.

ಸಿರುಗುಪ್ಪದ ಅಕ್ಕಿ ಗಿರಣಿಯ ಯಜಮಾನರು ಗೋಣಿಚೀಲದಲ್ಲಿ ಒಂದು ಎರಕದ ತಟ್ಟೆ ಹೊತ್ತು ತಂದದ್ದು ಆಗಲೇ. ಜರಡಿಯನ್ನು ಅಲುಗಿಸುವ ಭಾಗ, ಊಟದ ತಟ್ಟೆಗಿಂತ ದೊಡ್ಡದು. ಅಂಚು ಬಾಗಿ ಬಾಗಿ ಹೋಗಬೇಕು, ನಡುವೆ ತೂತುಗಳು ಬರಬೇಕು.

"ಕರೂರು ಕಡಿ ಹಳ್ಳಿ ಭತ್ತ ಎಲ್ಲಾ ಬಂದು ಅಂಗಳದಾಗ ಕುಂತೈತ್ರಿ," ಅಂದರು ಅವರು. "ಎರಕ ಇದೊಂದ ಐತಿ. ಕೆಡಿಸಬ್ಯಾಡ್ರಿ."

ಹಳೆಯ ಯಂತ್ರದಲ್ಲಿ ಕೈಯಿಂದ ಆ ಬಾಗಿದ ಅಂಚು ಕೊರೆಯಲು ನಾಲ್ಕು ದಿನ ಬೇಕಿತ್ತು. ಅವರಿಗೆ ನಾಳೆಯೇ ಬೇಕು. ಧಣಿ ನನ್ನ ಕಡೆ ತಿರುಗಿದರು.

"ಹೊಸ ಮಷೀನಿಗೆ ಹಾಕಮ್ಮಾ. ಸರಿ ಬಂತಂದ್ರ ಮಷೀನು ನಿಂದು. ಕೆಡ್ತಂದ್ರ ಅದಕ್ಕೂ ಮುಸುಕು, ನಿನಗೂ ಮುಸುಕು. ಮತ್ತ ನಕಾಶಿ ಮೇಜಿಗೆ ಹೋಗು."

ಆಳುಗಳು ನಕ್ಕರು. ಮಾವ ನಕ್ಕನೋ ಇಲ್ಲವೋ ನೆನಪಿಲ್ಲ. ನಗಲಿಲ್ಲ ಎಂದು ನಂಬಲು ನನಗೆ ಇಷ್ಟ.

ಮರುದಿನ ಬೆಳಿಗ್ಗೆಯ ಹೊತ್ತಿಗೆ ಸಾಲುಗಳನ್ನು ಬರೆದು ಮುಗಿಸಿದ್ದೆ. ಕಬ್ಬಿಣ ಮುಟ್ಟುವ ಮೊದಲು ಕೊರೆಯುವುದನ್ನೆಲ್ಲ ಪರದೆಯ ಮೇಲೆ ಸುಳ್ಳುಸುಳ್ಳೇ ಓಡಿಸಿ ನೋಡಬಹುದಿತ್ತು. ಒಂದು ಕೀಲಿ ಒತ್ತಿದರೆ ಓಟ, ಇನ್ನೊಂದು ಒತ್ತಿದರೆ ನಿಲುಗಡೆ, ಮತ್ತೊಂದಕ್ಕೆ ಒಂದೊಂದೇ ಹೆಜ್ಜೆ. ವೇಗಕ್ಕೆ ಒಂದರಿಂದ ಒಂಬತ್ತರವರೆಗೆ ಅಂಕಿ. ಹಿಂದಕ್ಕೆ ಬರುವ ಕೀಲಿ ಇರಲಿಲ್ಲ. ತಪ್ಪಿದರೆ ಮೊದಲಿನಿಂದ ಶುರು. ತಟ್ಟೆಯನ್ನು ಮೇಲಿನಿಂದ ನೋಡಿದಂತೆ ಗೆರೆಯ ಚಿತ್ರ, ಅದರ ಸುತ್ತ ಕಬ್ಬಿಣ ಕೊರೆಯುವ ಟೂಲಿನ ಬದಲು ಓಡಾಡುವ ಒಂದು ಚುಕ್ಕೆ, ಅಷ್ಟೇ. ನಾನು ಒಂಬತ್ತು ಒತ್ತಿದೆ. ಚುಕ್ಕೆ ಸರ್ರನೆ ಸುತ್ತಿ, ತೂತುಗಳಲ್ಲಿ ಇಳಿದೆದ್ದು, ತನ್ನ ಜಾಗಕ್ಕೆ ಬಂದು ನಿಂತಿತು. ಐದಾರು ಸಲ ಓಡಿಸಿದೆ. ಪರೀಕ್ಷಿಸಲು ಅಲ್ಲ, ಚೆಂದ ಕಾಣುತ್ತಿತ್ತೆಂದು.

ಅಷ್ಟರಲ್ಲಿ ಮಾವ ಹೊರಗೆ ಎರಕವನ್ನು ಯಂತ್ರದ ಮೇಜಿಗೆ ಬಿಗಿದು, ಚಪ್ಪಲಿ ಬಿಟ್ಟು ಒಳಗೆ ಬಂದ. ಕೈ ಒರೆಸಿಕೊಳ್ಳುತ್ತ ಪರದೆ ನೋಡಿದ.

"ಏನವ್ವಾ, ಇದು ಯಾವುದಕ್ಕೂ ತಾಕೂದಿಲ್ಲೇನು?"

"ತಾಕಾಕ ಅಲ್ಲಿ ಏನೂ ಇಲ್ಲ ಮಾವ."

"ಹೊರಗ ಐತಲ್ಲ. ಮೂರು ಕ್ಲಾಂಪು ಬಿಗದು ಬಂದೀನಿ."

"ಕ್ಲಾಂಪು ಇದಕ್ಕ ಗೊತ್ತಾಗೂದಿಲ್ಲ."

"ಹಂಗಾರ ನಾವ ಹೇಳಬೇಕು," ಅಂದ ಮಾವ. "ಊರಾಗ ಕಲ್ಲು ಒಡಿಯೋರು ಗುಡ್ಡಕ್ಕ ಕೇಳ್ತಾರೇನು, ಎಲ್ಲಿ ಒಡೀತಿ ಅಂತ? ಮೊದಲ ಗೆರಿ ಹಾಕ್ತಾರ. ಆಮ್ಯಾಲ ಉಳಿ."

ಹೊರಗೆ ಹೋಗಿ ಉಕ್ಕಿನ ಸ್ಕೇಲಿನಿಂದ ಕ್ಲಾಂಪುಗಳು ಅಂಚಿನಿಂದ ಎಷ್ಟೆಷ್ಟು ದೂರವಿವೆ ಎಂದು ಅಳೆದು ಬಂದ. ಪರದೆಯ ಮೇಲಿನ ತಟ್ಟೆ ನಿಜದ್ದರ ಅರ್ಧದಷ್ಟಿತ್ತು. ನಾನು ಅಳತೆಗಳನ್ನು ಅರ್ಧ ಮಾಡಿ ಹೇಳಿದೆ. ಪರದೆಯ ಗಾಜಿನ ಮೇಲೆ ಪೆನ್ಸಿಲ್ ಮೂಡಲಿಲ್ಲ, ಸೀಮೆಸುಣ್ಣ ಹತ್ತಲಿಲ್ಲ. ಮಾವ ಜೇಬಿನಿಂದ ಎಲೆ ಅಡಿಕೆಯ ಚೀಲ ತೆಗೆದು, ಸುಣ್ಣದ ಡಬ್ಬಿ ಬಿಚ್ಚಿ, ತೋರುಬೆರಳಿನಿಂದ ಗಾಜಿನ ಮೇಲೆ ಮೂರು ಕಡೆ ಸುಣ್ಣ ಬಳಿದ. ಡಬ್ಬಿಯ ತಳ ಕೆರೆದರೂ ಮೂರನೆಯದಕ್ಕೆ ಸಾಲದೆ ತೆಳ್ಳಗೆ ಹಚ್ಚಿದ.

"ಈಗ ಓಡಸು."

ಒಂಬತ್ತರಲ್ಲಿ ಓಡಿಸಿದೆ. ಚುಕ್ಕೆ ಎಂದಿನಂತೆ ಸುತ್ತಿ ಬಂತು.

"ನಿನಗ ಏನರ ಕಂಡಿತೇನು?"

"ಇಲ್ಲ."

"ನನಗೂ ಇಲ್ಲ. ಕುದುರಿ ಓಡಿಸಿದರ ಕಾಲಾಗಿನ ಮುಳ್ಳು ಕಾಣತೈತೇನ್ಲೇ? ನಡಸು."

ಒಂದೊಂದೇ ಹೆಜ್ಜೆಯ ಕೀಲಿಗೆ ಬೆರಳಿಟ್ಟೆ. ಒತ್ತಿದರೆ ಒಂದು ಗೆರೆ, ಮತ್ತೆ ಒತ್ತಿದರೆ ಇನ್ನೊಂದು. ಮಾವ ನನ್ನ ಹೆಗಲ ಹಿಂದೆ ಬಗ್ಗಿ ನಿಂತಿದ್ದ. ಯಂತ್ರದೆಣ್ಣೆಯ ವಾಸನೆ. ಅಂಚು ಪೂರ್ತಿ ಮುಗಿಯಿತು, ಏನೂ ಇಲ್ಲ. ಮೊದಲ ತೂತು, ಎರಡನೆಯದು. ನಲವತ್ತೊಂದನೇ ಹೆಜ್ಜೆ ಎಂದು ನನ್ನ ನೆನಪು, ಆ ಸಂಖ್ಯೆಗೆ ಆಣೆ ಮಾಡಲಾರೆ. ಎರಡನೇ ತೂತಿನಿಂದ ಮೂರನೆಯದಕ್ಕೆ ಹೋಗುವಾಗ ಚುಕ್ಕೆ ಆ ತೆಳು ಸುಣ್ಣದೊಳಗೆ ಹೊಕ್ಕು ನಿಂತಿತು.

ನನ್ನ ಬೆರಳು ಕೀಲಿಯ ಮೇಲೇ ಉಳಿಯಿತು. ಒಂದು ತೂತಿನಿಂದ ಇನ್ನೊಂದಕ್ಕೆ ಹೋಗುವಾಗ ಟೂಲನ್ನು ಐದೇ ಮಿಲಿಮೀಟರ್ ಮೇಲೆತ್ತುವಂತೆ ಬರೆದಿದ್ದೆ. ಬರೀ ತಟ್ಟೆಗೆ ಅಷ್ಟು ಸಾಕು. ಕ್ಲಾಂಪಿನ ಬೋಲ್ಟು ಎರಡು ಬೆರಳು ಎತ್ತರ ಇತ್ತು. ಪರದೆಗೆ ಎತ್ತರವೇ ತಿಳಿಯದು. ಯಂತ್ರ ಓಡಿದ್ದರೆ ಟೂಲು ಪೂರಾ ವೇಗದಲ್ಲಿ ಬೋಲ್ಟಿಗೆ ಬಡಿದು ತಾನೂ ಮುರಿದು ತಟ್ಟೆಯನ್ನೂ ಸೀಳುತ್ತಿತ್ತು.

"ಕ್ಲಾಂಪು ಸರಸ್ಲೇನು?" ಅಂದ ಮಾವ.

ಸರಿಸಿದರೆ ಅರ್ಧ ನಿಮಿಷದ ಕೆಲಸ. ಆದರೂ ನಾನು ಬೇಡ ಅಂದೆ. "ನಿನ್ನ ನಿದ್ದಿ ಕ್ಲಾಂಪು ಅಲ್ಲೇ ಇರಲಿ. ನಾನ ಟೂಲು ಮ್ಯಾಲೆತ್ತತೀನಿ."

ಎಲ್ಲ ತೂತುಗಳ ನಡುವೆಯೂ ಮೂರು ಬೆರಳು ಎತ್ತುವಂತೆ ತಿದ್ದಿ, ಮತ್ತೆ ಮೊದಲಿನಿಂದ ಹೆಜ್ಜೆ ಹೆಜ್ಜೆಯಾಗಿ ನಡೆಸಿದೆ. ಸುಣ್ಣದ ಗುರುತಿಗೆ ಬಂದಾಗಲೆಲ್ಲ ನಿಲ್ಲಿಸಿ ಆ ಸಾಲಿನಲ್ಲಿ ಎತ್ತರದ ಅಂಕಿ ಎಷ್ಟಿದೆ ಎಂದು ಗಟ್ಟಿಯಾಗಿ ಓದಿದೆ. ಮಾವ ಹೂಂ ಅನ್ನುತ್ತಿದ್ದ.

ಅದೇ ಹೊತ್ತಿಗೆ ಧಣಿ ಬಾಗಿಲು ತೆರೆದರು. ಪರದೆ ನೋಡಿ ಅವರ ಮುಖ ಬದಲಾಯಿತು.

"ಏನ್ ಮೇಸ್ತ್ರಿ, ಹೊಸಾ ಕಂಪ್ಯೂಟರಿಗೆ ಸುಣ್ಣ ಹೊಡದೀಯಲ್ಲ. ಮದಿವಿ ಮನಿ ಏನಿದು?"

"ಹೂಂ ಧಣಿ," ಅಂದ ಮಾವ. "ಹುಡುಗಿ ನಡಿಯೋದು ನೋಡಾಕ ಬಂದೀನಿ."

ಹೊರಗೆ ಹೋಗಿ ಯಂತ್ರ ಶುರು ಮಾಡಿದ್ದು ನಾನೇ. ಸೆರಗು, ಜಡೆ ಎಂದು ಯಾರೂ ಏನೂ ಅನ್ನಲಿಲ್ಲ. ಟೂಲು ಅಂಚನ್ನು ಸುತ್ತಿತು. ಕಪ್ಪು ಪುಡಿ ಉದುರಿ ಒಳಗಿನ ಬಿಳಿ ಕಬ್ಬಿಣ ಹೊಳೆಯಿತು. ಎರಡನೇ ತೂತಿನಿಂದ ಎದ್ದು, ಬೋಲ್ಟಿನ ಮೇಲೆ ಸಣ್ಣದೊಂದು ಬೆಳಕು ಬಿಟ್ಟು ದಾಟಿ, ಮೂರನೆಯದಕ್ಕೆ ಇಳಿಯಿತು. ಆ ಬೆಳಕಿನ ಸಂದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಇದೊಂದರಲ್ಲಿ ನನಗೆ ಅನುಮಾನವಿಲ್ಲ.

ಸಂಜೆ ಗಿರಣಿಯ ಯಜಮಾನರು ತಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿ, ಗೋಣಿಚೀಲಕ್ಕೆ ಹಾಕಿಕೊಂಡು ಸಿರುಗುಪ್ಪದ ಬಸ್ಸು ಹಿಡಿದರು. ಧಣಿ ಯಂತ್ರದ ಪ್ಲಾಸ್ಟಿಕ್ ಮುಸುಕನ್ನು ಮಡಚಿ ಕಪಾಟಿನಲ್ಲಿಟ್ಟರು. ಹೊಗಳಿಕೆ ಅಂತ ಬಂದದ್ದು ಅಷ್ಟೇ, ನನಗೆ ಅಷ್ಟು ಸಾಕಿತ್ತು. ಮರುದಿನದಿಂದ ನನ್ನ ಜಾಗ ಯಂತ್ರದ ಮುಂದೆ. ಗಾಜಿನ ಮೇಲಿನ ಸುಣ್ಣವನ್ನು ಬಹಳ ದಿನ ಒರೆಸಲು ಬಿಡಲಿಲ್ಲ. ಆಮೇಲೆ ಬಂದ ಪ್ರತಿ ಕೆಲಸಕ್ಕೂ ಮೊದಲು ಕ್ಲಾಂಪಿನ ಗುರುತು, ಆಮೇಲೆ ನಡಿಗೆ, ಕೊನೆಗೆ ಓಟ. ಸುಣ್ಣದ ಡಬ್ಬಿಯೊಂದನ್ನು ನಾನೂ ಇಟ್ಟುಕೊಂಡೆ.

ಆ ದಿನ ಮಾವನನ್ನು ಕುರುಗೋಡಿನ ಬಸ್ಸಿಗೆ ಹತ್ತಿಸಲು ಜೊತೆಗೆ ನಡೆದು ಹೋದೆ. ದಾರಿಯಲ್ಲಿ ಎಲೆ ಮಡಚಲು ಹೋಗಿ ಡಬ್ಬಿ ಖಾಲಿಯಾದದ್ದು ನೆನಪಾಗಿ ಮತ್ತೆ ಚೀಲದಲ್ಲಿಟ್ಟ. ಆಗ ನನಗೆ ಒಂದು ವಿಷಯ ಹೊಳೆಯಿತು. ಎರಡು ವರ್ಷ ನಕಾಶೆಯ ಮೇಜಿನಿಂದ ಅವನ ಕೆಲಸ ನೋಡಿದ್ದೆ. ಆ ಮೂರನೇ ಕ್ಲಾಂಪನ್ನು ಅವನು ಯಾವಾಗಲೂ ಹಿಂದಿನ ಮೂಲೆಗೆ, ಯಾವ ಟೂಲಿಗೂ ಸಿಗದ ಕಡೆ ಹಾಕುತ್ತಿದ್ದ. ಅವತ್ತು ಅದು ತೂತುಗಳ ನಡುವೆ ಇತ್ತು.

ಬಸ್ಸು ಬಂತು. ಮಾವ ಹತ್ತಿ ಕಿಟಕಿಯ ಪಕ್ಕ ಕೂತ. ನಾನು ಕಂಬಿ ಹಿಡಿದು ಕೇಳಿದೆ. ಅವನು ನನ್ನನ್ನು ನೋಡಿದ, ಆಮೇಲೆ ಚಿಲ್ಲರೆ ತೆಗೆಯಲು ಜೇಬಿಗೆ ಕೈ ಹಾಕಿದ, ಬಸ್ಸು ಹೊರಟಿತು. ಆಮೇಲೆ ಎಷ್ಟೋ ಸಲ ಇದನ್ನೇ ಕೇಳಿದ್ದೇನೆ, ಪ್ರತಿ ಸಲವೂ ಸುಣ್ಣ ಕೇಳಿ ಮಾತು ಮರೆಸಿದ್ದಾನೆ.

"ಮಾವ, ಎರಕ ಸೊಟ್ಟ ಇತ್ತಂತ ಕ್ಲಾಂಪು ಅಲ್ಲಿ ಹಾಕಿದೇನು, ಇಲ್ಲಾ ನಾನು ನೋಡ್ತೀನೋ ಇಲ್ಲೋ ಅಂತ ಹಾಕಿದಿ?"